ಮುಖ ನೋಡಿ ಮಣೆ ಹಾಕುವ ಯಂತ್ರಗಳು

2021ರ ಜನವರಿಯಲ್ಲಿ ಲಖನೌ ಪೊಲೀಸರು ಹೊಸದೊಂದು ಯೋಜನೆ ಪ್ರಕಟಿಸಿದರು. ಹೆಣ್ಣುಮಕ್ಕಳನ್ನು ಚುಡಾಯಿಸುವ, ಹಿಂಬಾಲಿಸುವ ದೂರುಗಳು ಹೆಚ್ಚಾಗಿ ಬರುವ ಸುಮಾರು 200 ಜಾಗಗಳನ್ನು ಗುರುತಿಸಿ, ಅಲ್ಲೆಲ್ಲ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಹಾಕುವುದು. ದಾರಿಯಲ್ಲಿ ಹೋಗುವ ಹೆಣ್ಣಿನ ಮುಖದಲ್ಲಿ ಸಂಕಟ ಕಂಡೊಡನೆ, ಆಕೆ ಫೋನ್ ತೆಗೆದು ಸಹಾಯವಾಣಿಗೆ ಕರೆ ಮಾಡುವ ಮೊದಲೇ, ಹತ್ತಿರದ ಪೊಲೀಸರಿಗೆ ತಾನಾಗಿ ಸಂದೇಶ ಹೋಗುವಂತೆ ಮಾಡುವುದು. ಆಗ ಎದ್ದ ಆಕ್ಷೇಪಗಳಲ್ಲಿ ಹೆಚ್ಚಿನವು ಖಾಸಗಿತನಕ್ಕೆ ಸಂಬಂಧಿಸಿದವು. ಹೆಣ್ಣನ್ನು ಕಾಪಾಡುವ ಹೆಸರಿನಲ್ಲಿ ಅವಳ ಮೇಲೆಯೇ ಕಣ್ಣಿಡುವುದು ಯಾವ ನ್ಯಾಯ ಎಂದು ಹಲವರು ಕೇಳಿದರು. ಕೇಳಬೇಕಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾಗಿದ್ದ ಒಂದು ಪ್ರಶ್ನೆ ಹಾಗೇ ಉಳಿದುಹೋಯಿತು. ಸಂಕಟಕ್ಕೆ ಇಂಥದೇ ಮುಖ ಎಂಬುದು ಇದೆಯೇ? ಬಸ್ಸು ತಪ್ಪಿದವಳು, ಹಲ್ಲುನೋವಿನವಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿದವಳು, ಹಿಂದೆ ಬರುತ್ತಿರುವ ಪುಂಡರಿಗೆ ಹೆದರಿಯೂ ಹೆದರಿಕೆ ತೋರಗೊಡದೆ ಬಿರಬಿರನೆ ನಡೆಯುತ್ತಿರುವವಳು: ಈ ನಾಲ್ವರಲ್ಲಿ ಯಾರ ಮುಖ ನೋಡಿ ಕ್ಯಾಮೆರಾ ಪೊಲೀಸರನ್ನು ಕರೆಯಬೇಕು?

ಪ್ರಶ್ನೆ ಲಖನೌಗೆ ಮಾತ್ರ ಸೇರಿದ್ದಲ್ಲ. ಮುಖದ ವಿಡಿಯೊ ನೋಡಿ ಅಭ್ಯರ್ಥಿಯ ಉತ್ಸಾಹಕ್ಕೆ ಅಂಕ ಕೊಡುವ, ತರಗತಿಯಲ್ಲಿ ಕೂತ ಮಕ್ಕಳ ಪೈಕಿ ಯಾರಿಗೆ ಬೇಸರವಾಗಿದೆ ಎಂದು ಮೇಷ್ಟರಿಗೆ ವರದಿ ಒಪ್ಪಿಸುವ, ಜಾಹೀರಾತು ನೋಡುವವರ ನಗು ಎಣಿಸುವ ತಂತ್ರಾಂಶಗಳು ಹತ್ತಾರು ದೇಶಗಳಲ್ಲಿ ಮಾರಾಟವಾಗಿವೆ. ಇವೆಲ್ಲ ನಿಂತಿರುವುದು ಮನಶ್ಶಾಸ್ತ್ರದ ಒಂದೇ ಸಿದ್ಧಾಂತದ ಮೇಲೆ. ಮನುಷ್ಯನಿಗೆ ಮೂಲಭಾವನೆಗಳು ಆರೋ ಏಳೋ ಇವೆ, ಒಂದೊಂದಕ್ಕೂ ಹುಟ್ಟಿನಿಂದಲೇ ಬಂದ ಮುಖಚಹರೆಯಿದೆ, ಚಹರೆ ಗುರುತಿಸಿದರೆ ಭಾವನೆ ಗುರುತಿಸಿದಂತೆ ಎಂಬುದು ಅದರ ತಿರುಳು. ಮೂಲಭಾವನೆಗಳಿವೆಯೇ ಎಂಬ ಬಗ್ಗೆ ಶಾಸ್ತ್ರಜ್ಞರ ಜಗಳ ಇನ್ನೂ ಮುಗಿದಿಲ್ಲ, ಅದನ್ನು ಇಲ್ಲಿ ತೀರ್ಮಾನಿಸುವ ಅಗತ್ಯವೂ ಇಲ್ಲ. ನನ್ನ ವಾದ ಕೊನೆಯ ಹೆಜ್ಜೆಯನ್ನು ಕುರಿತದ್ದು. ಸಂದರ್ಭದಿಂದ ಕತ್ತರಿಸಿ ತೆಗೆದ ಮುಖದಿಂದ ಒಬ್ಬರ ಭಾವನೆಯನ್ನು ಓದಲು ಬರುವುದಿಲ್ಲ. ಅರ್ಧ ಶತಮಾನದ ಪ್ರಯೋಗಗಳು ಇದನ್ನು ಬೇರೆ ಬೇರೆ ದಾರಿಯಿಂದ ತೋರಿಸಿಕೊಟ್ಟಿವೆ. ಹಾಗಿರುವಾಗ ಅಂಥ ಓದಿನ ಮೇಲೆ ಒಬ್ಬರ ಕೆಲಸ, ಅಂಕ, ಪೊಲೀಸ್ ತಪಾಸಣೆ ನಿರ್ಧಾರವಾಗಕೂಡದು.

ಈ ಸಿದ್ಧಾಂತದ ಬೇರು ಡಾರ್ವಿನ್‌ನಲ್ಲಿದೆ. ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತ ಅವನ ಪುಸ್ತಕ ಬಂದದ್ದು 1872ರಲ್ಲಿ. ಮನುಷ್ಯಕುಲವೆಲ್ಲ ಒಂದೇ ಮೂಲದ್ದಾದರೆ ಅಳು, ನಗು, ಕೋಪಗಳ ಚಹರೆಯೂ ಎಲ್ಲೆಡೆ ಒಂದೇ ಇರಬೇಕು ಎಂದು ಅವನ ಊಹೆ. ಅದನ್ನು ಪರೀಕ್ಷಿಸಲು ನಾನಾ ದೇಶಗಳಲ್ಲಿದ್ದ ಪಾದ್ರಿಗಳಿಗೆ, ಅಧಿಕಾರಿಗಳಿಗೆ ಪ್ರಶ್ನೆಗಳ ಪಟ್ಟಿ ಕಳಿಸಿ ಉತ್ತರ ತರಿಸಿಕೊಂಡ. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಕೆಲಸಕ್ಕಿದ್ದ ಸ್ಕಾಟ್ ಎಂಬವನು ಅಲ್ಲಿನ ಕೂಲಿಯಾಳುಗಳನ್ನು ಗಮನಿಸಿ ಬರೆದುಕಳಿಸಿದ ವಿವರಗಳೂ ಆ ಪುಸ್ತಕದಲ್ಲಿವೆ. ನನಗೆ ಅದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಡಾರ್ವಿನ್ ನಡುವೆ ಮಾಡಿಕೊಳ್ಳುವ ಒಂದು ನಿವೇದನೆ. ಫ್ರೆಂಚ್ ವೈದ್ಯ ಡುಷೆನ್, ಒಬ್ಬ ಮುದುಕನ ಮುಖದ ಸ್ನಾಯುಗಳಿಗೆ ವಿದ್ಯುತ್ ಹರಿಸಿ ನಾನಾ ಭಾವಗಳನ್ನು ಬರಿಸಿ ಫೋಟೊ ತೆಗೆದಿದ್ದ. ಕೆಳಗಿನ ವಿವರಣೆ ಓದುತ್ತಾ ನೋಡಿದಾಗ ಹೆಚ್ಚುಕಡಿಮೆ ಎಲ್ಲ ಚಿತ್ರಗಳೂ ಎಷ್ಟು ಸಹಜ ಎನಿಸಿದವೆಂದೂ, ವಿವರಣೆಯೇ ಇಲ್ಲದಿದ್ದರೆ ಕೆಲವು ಚಿತ್ರಗಳ ಮುಂದೆ ಉಳಿದವರಂತೆ ತಾನೂ ತಬ್ಬಿಬ್ಬಾಗುತ್ತಿದ್ದೆನೆಂದೂ ಅವನು ಒಪ್ಪಿಕೊಳ್ಳುತ್ತಾನೆ. ಮುಂದಿನ ನೂರೈವತ್ತು ವರ್ಷಗಳ ತಕರಾರಿನ ಬೀಜ ಈ ಮಾತಿನಲ್ಲೇ ಇತ್ತು. ಅವನ ಹೆಸರು ಹೇಳಿಕೊಂಡು ಬಂದವರಲ್ಲಿ ಬಹಳ ಮಂದಿ ಅದನ್ನು ದಾಟಿಕೊಂಡು ಮುಂದೆ ಹೋದರು.

ಇಪ್ಪತ್ತನೆಯ ಶತಮಾನದಲ್ಲಿ ಈ ವಾದಕ್ಕೆ ಮೈ ತುಂಬಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್. 1960ರ ದಶಕದ ಕೊನೆಯಲ್ಲಿ ಅವರು ಪಪುವಾ ನ್ಯೂಗಿನಿಯ ಎತ್ತರದ ಪ್ರದೇಶದಲ್ಲಿರುವ ಫೋರೆ ಜನರ ನಡುವೆ ಹೋದರು. ಸಿನಿಮಾ, ಪತ್ರಿಕೆ, ಹೊರಗಿನವರ ಸಹವಾಸ ಇಲ್ಲದ ಜನವೂ ಪಾಶ್ಚಾತ್ಯರ ಮುಖಭಾವವನ್ನು ಸರಿಯಾಗಿ ಗುರುತಿಸಿದರೆ, ಅದು ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು ಎಂದಾಗುತ್ತದೆ. ಪ್ರಯೋಗ ಹೀಗಿತ್ತು: ಒಂದು ಪುಟ್ಟ ಕತೆ ಹೇಳುವುದು, ಮುಂದೆ ಮೂರು ಫೋಟೊ ಇಡುವುದು, ಕತೆಗೆ ಒಪ್ಪುವ ಮುಖ ಯಾವುದೆಂದು ಕೇಳುವುದು. ಹೆದರಿಕೆಯ ಕತೆಯಲ್ಲಿ ಒಬ್ಬಳು ಮನೆಯಲ್ಲಿ ಒಂಟಿ. ಊರಲ್ಲಿ ಬೇರೆ ಯಾರೂ ಇಲ್ಲ. ಮನೆಯಲ್ಲಿ ಕತ್ತಿಯಿಲ್ಲ, ಕೊಡಲಿಯಿಲ್ಲ, ಬಿಲ್ಲುಬಾಣವಿಲ್ಲ. ಬಾಗಿಲಲ್ಲಿ ಕಾಡುಹಂದಿ ಬಂದು ನಿಂತಿದೆ. ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ 1971ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಫೋರೆಗಳು ಬಹುಪಾಲು ಸರಿಯಾದ ಫೋಟೊವನ್ನೇ ತೋರಿಸಿದರು. ಹೆದರಿಕೆಯನ್ನೂ ಅಚ್ಚರಿಯನ್ನೂ ಬೇರ್ಪಡಿಸುವಾಗ ಮಾತ್ರ ಎಡವಿದರು. ಇದು ಸಣ್ಣ ಸಾಧನೆಯಲ್ಲ. ಮುಖಭಾವವೆಲ್ಲ ಆಯಾ ಸಂಸ್ಕೃತಿ ಕಲಿಸಿದ್ದು, ಒಂದು ಕಡೆಯ ನಗು ಇನ್ನೊಂದು ಕಡೆ ಅಳುವಾದರೂ ಆದೀತು ಎಂದು ಮಾನವಶಾಸ್ತ್ರಜ್ಞರಲ್ಲಿ ಹಲವರು ಹೇಳುತ್ತಿದ್ದ ಕಾಲ ಅದು. ಆ ಅತಿಯನ್ನು ಎಕ್ಮನ್ ಮುರಿದರು. ಮುಂದೆ 1978ರಲ್ಲಿ ಮುಖದ ಒಂದೊಂದು ಸ್ನಾಯುವಿನ ಚಲನೆಗೂ ಸಂಖ್ಯೆ ಕೊಟ್ಟು ಒಂದು ಸಂಕೇತಪದ್ಧತಿ ರೂಪಿಸಿದರು. ಕಂಪ್ಯೂಟರಿನವರಿಗೆ ಬೇಕಾಗಿದ್ದುದೂ ಅಂಥದ್ದೇ.

ಆದರೆ ಕತೆಯ ಒಳಗೆ ಏನೇನಿತ್ತು ಎಂಬುದನ್ನು ಇನ್ನೊಮ್ಮೆ ನೋಡಿ. ಒಂಟಿ ಹೆಣ್ಣು, ಬರಿಗೈ, ಬಾಗಿಲಲ್ಲಿ ಹಂದಿ. ಇಷ್ಟನ್ನೆಲ್ಲ ಹೇಳಿ ಮೂರರಲ್ಲಿ ಒಂದನ್ನು ಆರಿಸು ಎಂದರೆ, ಮುಖ ಹೇಳದೆ ಉಳಿಸಿದ್ದನ್ನು ಕತೆ ಹೇಳಿಬಿಡುತ್ತದೆ. ಆಯ್ಕೆಗಳೇ ಇಲ್ಲದಿದ್ದರೆ ಏನಾದೀತು? ಮರಿಯಾ ಜೆಂಡ್ರನ್ ಮತ್ತು ಸಂಗಡಿಗರು ನಮೀಬಿಯಾದ ಹಿಂಬಾ ಜನರ ಮುಂದೆ ಕತೆಯಿಲ್ಲದೆ, ಭಾವನೆಗಳ ಹೆಸರೂ ಹೇಳದೆ, ಬರೀ ಫೋಟೊಗಳನ್ನು ಹರಡಿ, ಒಂದೇ ಭಾವದವನ್ನು ಒಂದೊಂದು ಗುಂಪಾಗಿ ಜೋಡಿಸಿ ಎಂದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪಾಶ್ಚಾತ್ಯ ಸಿದ್ಧಾಂತದ ಆರು ಗುಂಪುಗಳು ಮೂಡಲಿಲ್ಲ. ಹಿಂಬಾಗಳು ಮುಖಗಳನ್ನು ನಗುತ್ತಿದ್ದಾನೆ, ನೋಡುತ್ತಿದ್ದಾನೆ ಎಂದು ಮಾಡುತ್ತಿರುವ ಕೆಲಸದಿಂದ ಗುರುತಿಸಿದರು. ಒಳಗೆ ಏನು ಅನಿಸುತ್ತಿದೆ ಎಂಬುದಕ್ಕೆ ಕೈಹಾಕಿದ್ದು ಕಡಿಮೆ. 2016ರಲ್ಲಿ ಕಾರ್ಲೋಸ್ ಕ್ರಿವೆಲ್ಲಿ ಮತ್ತು ಜೊತೆಗಾರರು ಪಪುವಾ ನ್ಯೂಗಿನಿಯದೇ ಭಾಗವಾದ ಟ್ರೋಬ್ರಿಯಾಂಡ್ ದ್ವೀಪಗಳಿಂದ ಇನ್ನೂ ಕುತೂಹಲದ ಸುದ್ದಿ ತಂದರು. ಕಣ್ಣರಳಿಸಿ ಬಾಯಿ ತೆರೆದ, ನಾವು ಹೆದರಿಕೆ ಎಂದು ಕರೆಯುವ ಮುಖವನ್ನು ಅಲ್ಲಿನ ಹದಿಹರೆಯದವರಲ್ಲಿ ಹೆಚ್ಚಿನವರು ಕೋಪದ, ಮೈಮೇಲೆ ಬರುವ ಮುಖ ಎಂದರು. ಹೆದರಿದವನನ್ನು ಹೆದರಿಸುವವನೆಂದು ಓದಿದರೆ ಪೊಲೀಸ್ ಕ್ಯಾಮೆರಾದ ಗತಿಯೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯವರೆಗಿನದು ನೋಡುವವರ ಕಡೆಯ ಮಾತು. ಅನುಭವಿಸುವವರ ಕಡೆಯಿಂದ ನೋಡಿದರೆ ಸಿದ್ಧಾಂತದ ಬಿರುಕು ಇನ್ನೂ ದೊಡ್ಡದು. ಸಂತೋಷವಾದಾಗ ಜನ ನಗುತ್ತಾರೆಯೇ? 1979ರಲ್ಲಿ ರಾಬರ್ಟ್ ಕ್ರೌಟ್ ಮತ್ತು ರಾಬರ್ಟ್ ಜಾನ್‌ಸ್ಟನ್ ಇದನ್ನು ಬೌಲಿಂಗ್ ಆಟದ ಅಂಕಣದಲ್ಲಿ ನೋಡಿದರು. ಚೆಂಡು ಉರುಳಿಸಿ ಎಲ್ಲ ಪಿನ್‌ಗಳನ್ನೂ ಕೆಡವಿದ ಕ್ಷಣ ಆಟಗಾರನ ಮುಖದಲ್ಲಿ ನಗು ಅಪರೂಪ. ಅವನು ತಿರುಗಿ ಗೆಳೆಯರನ್ನು ನೋಡಿದಾಗ ನಗು ಬರುತ್ತದೆ. ಗೆದ್ದದ್ದು ಆಗಲೇ, ನಗುವುದು ಈಗ. ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರನ್ನು ಸ್ಪೇನಿನ ಫರ್ನಾಂಡೆಸ್ ಡೋಲ್ಸ್ ಮತ್ತು ರೂಯಿಸ್ ಬೆಲ್ಡಾ ಹೀಗೇ ಗಮನಿಸಿದರು. ಪದಕದ ವೇದಿಕೆಯ ಹಿಂದೆ ಕಾಯುವಾಗ, ರಾಷ್ಟ್ರಗೀತೆ ನುಡಿಯುವಾಗ ನಗು ಬಹಳ ಕಡಿಮೆ. ಪದಕ ಕೊಡುವವರ ಕಡೆಗೆ, ಪ್ರೇಕ್ಷಕರ ಕಡೆಗೆ ತಿರುಗಿದಾಗ ಮುಖ ತುಂಬ ನಗು. ಬದುಕಿನ ಅತಿ ದೊಡ್ಡ ಸಂತೋಷದ ಗಳಿಗೆಯಲ್ಲೂ ಮುಖ ಒಳಗಿನದನ್ನು ಹೊರಗೆ ಚೆಲ್ಲುವ ಕೆಲಸಕ್ಕಿಂತ ಎದುರಿಗಿದ್ದವರ ಜೊತೆ ಮಾತಾಡುವ ಕೆಲಸವನ್ನು ಹೆಚ್ಚಾಗಿ ಮಾಡುತ್ತಿತ್ತು. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಸೇರಿದಂತೆ ಐವರು ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಜಾಲಾಡಿ ಒಂದು ಸುದೀರ್ಘ ವಿಮರ್ಶೆ ಬರೆದರು. ಐವರೂ ಒಂದೇ ಪಂಥದವರಲ್ಲ ಎಂಬುದು ಇಲ್ಲಿ ಮುಖ್ಯ. ಕೋಪ ಬಂದಾಗ ಜನ ಹುಬ್ಬು ಗಂಟಿಕ್ಕುವುದು ಸುಮಾರು ಶೇ 30ರಷ್ಟು ಸಲ ಮಾತ್ರ ಎಂದು ಬ್ಯಾರೆಟ್ ಅದರ ಸಾರವನ್ನು ವಿವರಿಸಿದ್ದಾರೆ. ಉಳಿದ ಹೊತ್ತು ಅವರು ನಗಬಹುದು, ಅಳಬಹುದು, ಕಲ್ಲಿನಂತೆ ಕೂತು ಮನಸ್ಸಿನಲ್ಲೇ ಹಲ್ಲು ಕಡಿಯಬಹುದು. ಇನ್ನೊಂದು ಕಡೆ ಹುಬ್ಬು ಗಂಟಿಕ್ಕಿದವರೆಲ್ಲ ಕೋಪಗೊಂಡವರೂ ಅಲ್ಲ. ಲೆಕ್ಕ ಬಿಡಿಸುವವರು, ಹೊಟ್ಟೆ ಉಬ್ಬರಿಸಿದವರು, ಕನ್ನಡಕ ಮರೆತು ಬಂದವರು ಎಲ್ಲರ ಹುಬ್ಬೂ ಗಂಟೇ.

ಈ ಎಲ್ಲ ಪ್ರಯೋಗಗಳಲ್ಲಿ ಬಾಯಿ ಮುಚ್ಚಿಸುವಂಥದ್ದು ಹಿಲೆಲ್ ಅವಿಯೇಜರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. ಟೆನಿಸ್ ಪಂದ್ಯಗಳಲ್ಲಿ ನಿರ್ಣಾಯಕ ಪಾಯಿಂಟ್ ಗೆದ್ದ ಮತ್ತು ಸೋತ ಗಳಿಗೆಯ ಆಟಗಾರರ ಫೋಟೊಗಳನ್ನು ತೆಗೆದುಕೊಂಡು ಮುಖವನ್ನು ಬೇರೆ, ಮೈಯನ್ನು ಬೇರೆ ಮಾಡಿದರು. ಬರೀ ಮುಖ ನೋಡಿದವರಿಗೆ ಗೆದ್ದವರಾರು ಸೋತವರಾರು ಎಂದು ಹೇಳಲಾಗಲಿಲ್ಲ. ಕಾಸು ಚಿಮ್ಮಿ ಊಹಿಸಿದಷ್ಟೇ ಸರಿಯಾಯಿತು. ಮುಖವಿಲ್ಲದ ಮೈ ನೋಡಿದವರು ಮಾತ್ರ ಸಲೀಸಾಗಿ ಹೇಳಿದರು. ಆಮೇಲೆ ಗೆದ್ದವನ ಮುಖವನ್ನು ಸೋತವನ ಮೈಗೆ ಅಂಟಿಸಿ ತೋರಿಸಿದರೆ, ಜನ ಮೈಯ ಕಡೆಗೇ ತೀರ್ಪು ಕೊಟ್ಟರು. ಇನ್ನೂ ಸೊಗಸೆಂದರೆ, ಇಡೀ ಚಿತ್ರ ನೋಡಿ ಸರಿಯುತ್ತರ ಕೊಟ್ಟವರಲ್ಲಿ ಹಲವರು ತಮಗೆ ಸುಳಿವು ಕೊಟ್ಟದ್ದು ಮುಖವೇ ಎಂದು ನಂಬಿದ್ದರು. ನಾವು ಮುಖ ಓದುವುದರಲ್ಲಿ ನಿಪುಣರು ಎಂಬ ನಮ್ಮ ಹೆಮ್ಮೆಯಲ್ಲಿ ಎಷ್ಟು ಪಾಲು ಇಂಥ ಭ್ರಮೆಯೋ! ಬಿಗಿದ ಮುಷ್ಟಿ, ಬಗ್ಗಿದ ಬೆನ್ನು, ಆಗಷ್ಟೇ ನಡೆದ ಮಾತುಕತೆ, ಆ ಮನುಷ್ಯನ ಬಗ್ಗೆ ಮೊದಲೇ ಗೊತ್ತಿದ್ದದ್ದು, ಇವೆಲ್ಲವನ್ನೂ ಓದಿ ಮುಗಿಸಿ ಅದರ ಕೀರ್ತಿಯನ್ನು ಮುಖಕ್ಕೆ ಒಪ್ಪಿಸುತ್ತೇವೆ.

ನಮ್ಮ ನಾಟ್ಯಪರಂಪರೆಗೆ ಇದು ಅಷ್ಟೇನೂ ಹೊಸ ವಿಚಾರವಲ್ಲ. ನವರಸದ ಮುಖಗಳ ಸಾಲು ಚಿತ್ರ ನೋಡಿದವರಿಗೆ, ಒಂದು ರಸಕ್ಕೆ ಒಂದು ಮುಖ ಎಂಬ ಎಕ್ಮನ್ ಮಾದರಿಯ ಪಟ್ಟಿ ನಮ್ಮಲ್ಲೂ ಇತ್ತಲ್ಲ ಎನಿಸಬಹುದು. ಆದರೆ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದ ಯಾರಿಗೂ ಗೊತ್ತಿರುವಂತೆ, ನಾಟ್ಯಶಾಸ್ತ್ರದ ಕರ್ತೃ ಭರತನ ಲೆಕ್ಕದಲ್ಲಿ ಚಹರೆ ಒಂಟಿಯಾಗಿ ಏನನ್ನೂ ಮಾಡಲಾರದು. ಭಾವಕ್ಕೆ ಕಾರಣವಾದ ಸನ್ನಿವೇಶ ಮತ್ತು ವ್ಯಕ್ತಿಗಳು ವಿಭಾವ. ಮೈಮುಖದಲ್ಲಿ ಕಾಣುವುದು ಅನುಭಾವ. ನಡುನಡುವೆ ಬಂದುಹೋಗುವ ಚಿಂತೆ, ಲಜ್ಜೆ, ಗರ್ವದಂಥ ಮೂವತ್ತಮೂರು ವ್ಯಭಿಚಾರಿಭಾವಗಳು. ಇವು ಕೂಡಿದರೇ ರಸ. ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಎಂಟು ಸಾತ್ತ್ವಿಕಭಾವಗಳಲ್ಲಿ ಒಂದಾದ ಅಶ್ರುವನ್ನು ತೆಗೆದುಕೊಳ್ಳಿ. ಕಣ್ಣೀರು ಯಾವ ಯಾವ ಕಾರಣಕ್ಕೆ ಬರುತ್ತದೆಂದು ನಾಟ್ಯಶಾಸ್ತ್ರ ಎಣಿಸುವಾಗ ಆನಂದ, ಅಸಹನೆ, ಭಯ, ಶೋಕಗಳ ಪಕ್ಕದಲ್ಲೇ ಹೊಗೆ, ಕಾಡಿಗೆ, ಆಕಳಿಕೆ, ಎವೆಯಿಕ್ಕದ ನೋಟ, ಚಳಿ, ರೋಗ ಎಲ್ಲವನ್ನೂ ಕೂರಿಸುತ್ತದೆ. ಒಂದು ಹೊರಚಿಹ್ನೆಯ ಹಿಂದೆ ಹತ್ತು ಕಾರಣ. ಚಿಹ್ನೆಯಿಂದ ಕಾರಣಕ್ಕೆ ನೇರ ದಾರಿಯಿಲ್ಲವೆಂದು ಗೊತ್ತಿದ್ದದ್ದರಿಂದಲೇ ವಿಭಾವಕ್ಕೆ ಅಷ್ಟು ಮಹತ್ವ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ ಇಟ್ಟು ಮುಖದ ಬಹುಭಾಗ ಮುಚ್ಚಿರುತ್ತದೆ. ಆ ಮುಖದಲ್ಲಿ ಹುಬ್ಬಿನ ಸಣ್ಣ ಚಲನೆಯನ್ನು ಯಾವ ಕ್ಯಾಮೆರಾ ಹಿಡಿದೀತು? ಆದರೂ ಆ ವೇಷದ ರಾಕ್ಷಸ ಅಬ್ಬರಿಸಿದರೆ ಮಕ್ಕಳು ಹೆದರುತ್ತಾರೆ, ಸತ್ತ ಮಗನಿಗಾಗಿ ಹಲುಬಿದರೆ ಅದೇ ಮುಖದ ಎದುರು ದೊಡ್ಡವರ ಗಂಟಲು ಕಟ್ಟುತ್ತದೆ. ಭಾಗವತರ ರಾಗ, ಚೆಂಡೆಯ ಪೆಟ್ಟು ಅಥವಾ ಮೌನ, ಅರ್ಥಗಾರಿಕೆ, ಪ್ರಸಂಗದಲ್ಲಿ ಅಲ್ಲಿಯವರೆಗೆ ನಡೆದದ್ದು, ಇವೆಲ್ಲ ಸೇರಿ ಆ ಕೆಲಸ ಮಾಡಿರುತ್ತವೆ.

ಮುಖ ಸಾಲದಿದ್ದರೆ ನಾಡಿ, ಬೆವರು, ಉಸಿರು, ದನಿ ಎಲ್ಲವನ್ನೂ ಅಳೆಯೋಣ ಎಂಬುದು ತಂತ್ರಜ್ಞರ ಮುಂದಿನ ಮಾತು. ಭಾವನೆಯ ಸಿದ್ಧಾಂತಗಳ ಚರಿತ್ರೆಯಲ್ಲಿ ಈ ಆಸೆಗೂ ಹಳೆಯ ಕತೆಯಿದೆ. ಅತ್ತದ್ದರಿಂದ ದುಃಖವಾಗುತ್ತದೆ, ನಡುಗಿದ್ದರಿಂದ ಹೆದರಿಕೆಯಾಗುತ್ತದೆ, ಮೈಯ ಬದಲಾವಣೆಯ ಅರಿವೇ ಭಾವನೆ ಎಂದು ವಿಲಿಯಂ ಜೇಮ್ಸ್ 1884ರಲ್ಲಿ ವಾದಿಸಿದ್ದರು. ಹಾಗಾದರೆ ಒಂದೊಂದು ಭಾವನೆಗೂ ಮೈಯಲ್ಲಿ ಬೇರೆ ಬೇರೆ ಗುರುತು ಇರಬೇಕಷ್ಟೆ. ಇಲ್ಲ, ಕೋಪಕ್ಕೂ ಭಯಕ್ಕೂ ಜ್ವರಕ್ಕೂ ಒಳಗೆ ಆಗುವ ಬದಲಾವಣೆ ಹೆಚ್ಚುಕಡಿಮೆ ಒಂದೇ ಎಂದು ವಾಲ್ಟರ್ ಕ್ಯಾನನ್ 1927ರಲ್ಲಿ ತಿರುಗೇಟು ಕೊಟ್ಟರು. ಶಾಕ್ಟರ್ ಮತ್ತು ಸಿಂಗರ್ 1962ರಲ್ಲಿ, ವಿಟಮಿನ್ ಎಂದು ಹೇಳಿ ವಿದ್ಯಾರ್ಥಿಗಳಿಗೆ ಅಡ್ರಿನಲಿನ್ ಚುಚ್ಚಿ, ಪಕ್ಕದಲ್ಲಿ ಕುಣಿದಾಡುವವನೊಬ್ಬನನ್ನೋ ಸಿಡುಕುವವನೊಬ್ಬನನ್ನೋ ಕೂರಿಸಿದರು. ಒಂದೇ ಎದೆಬಡಿತ ಸನ್ನಿವೇಶಕ್ಕೆ ತಕ್ಕಂತೆ ಉಲ್ಲಾಸವೂ ಆಗುತ್ತದೆ, ಸಿಟ್ಟೂ ಆಗುತ್ತದೆ ಎಂದು ತೋರಿಸುವುದು ಅವರ ಉದ್ದೇಶ. ಪಠ್ಯಪುಸ್ತಕಗಳು ಹೇಳುವಷ್ಟು ಗಟ್ಟಿಯಾಗಿ ಆ ಫಲಿತಾಂಶ ಬರಲಿಲ್ಲ, ಮುಂದೆ ಅದನ್ನು ಮರುಪರೀಕ್ಷಿಸಿದವರಿಗೆ ಬೇರೆಯದೇ ಉತ್ತರ ಸಿಕ್ಕಿತು. ಆದ್ದರಿಂದ ಅದನ್ನು ನನ್ನ ಸಾಕ್ಷಿಯ ಪಟ್ಟಿಗೆ ಸೇರಿಸುವುದಿಲ್ಲ. ಹೆಚ್ಚು ನಂಬಬಹುದಾದದ್ದು 2018ರಲ್ಲಿ ಎರಿಕಾ ಸೀಗಲ್ ಮತ್ತಿತರರು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ತೂಗಿ ಕಂಡುಕೊಂಡದ್ದು: ಯಾವ ಭಾವನೆಗೂ ನಾಡಿ, ರಕ್ತದೊತ್ತಡ, ಬೆವರಿನಲ್ಲಿ ಸ್ಥಿರವಾದ ಬೆರಳಚ್ಚು ಇಲ್ಲ. ಅಂದರೆ ಅಸ್ಪಷ್ಟವಾದ ಒಂದು ಚಿಹ್ನೆಯ ಜೊತೆ ಅಷ್ಟೇ ಅಸ್ಪಷ್ಟವಾದ ಇನ್ನೊಂದನ್ನು ಜೋಡಿಸಿದ ಮಾತ್ರಕ್ಕೆ ಸ್ಪಷ್ಟತೆ ಹುಟ್ಟುವುದಿಲ್ಲ.

ಇದಕ್ಕೆ ತಕ್ಷಣ ಬರುವ ಆಕ್ಷೇಪ ಗೊತ್ತಿರುವುದೇ. ದಿನಾ ಬೆಳಗಾದರೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಯೇ ಬದುಕುತ್ತೇವೆ. ಮಗುವಿನ ಮೋರೆ ಸಪ್ಪಗಾದದ್ದು ತಾಯಿಗೆ ಗೊತ್ತಾಗುತ್ತದೆ, ಗಂಡ ಮುಖ ಊದಿಸಿಕೊಂಡದ್ದು ಹೆಂಡತಿಗೆ ಗೊತ್ತಾಗುತ್ತದೆ. ಇದೆಲ್ಲ ಸುಳ್ಳೇ? ಖಂಡಿತ ಅಲ್ಲ. ಆದರೆ ಆ ತಾಯಿ ಆ ಮುಖವನ್ನು ಸಾವಿರ ಸಲ ನೋಡಿದ್ದಾಳೆ, ಇವತ್ತು ಪರೀಕ್ಷೆಯ ಫಲಿತಾಂಶ ಬರುವ ದಿನ ಎಂದು ಬಲ್ಲಳು. ಎಲ್ಲಕ್ಕಿಂತ ಮುಖ್ಯವಾಗಿ ಅವಳು ಕೇಳುತ್ತಾಳೆ. ಏನಾಯಿತೋ ಎಂದು ಕೇಳಿ, ಏನಿಲ್ಲಮ್ಮ, ತಲೆನೋವು ಎಂಬ ಉತ್ತರ ಬಂದರೆ ತನ್ನ ಊಹೆಯನ್ನು ತಿದ್ದಿಕೊಳ್ಳುತ್ತಾಳೆ. ಮನೆಮಂದಿಯ ಓದು ಹೀಗೆ ತಿದ್ದುತ್ತಾ ಸಾಗುವ ಮಾತುಕತೆ. ಕ್ಯಾಮೆರಾಕ್ಕೆ ಕೇಳುವ ಬಾಯಿಯೂ ಇಲ್ಲ, ಆ ವ್ಯಕ್ತಿಯ ಜೊತೆ ನಿನ್ನೆಯೂ ಇಲ್ಲ. ಅಷ್ಟೇ ಅಲ್ಲ, ಅದು ಕಲಿತದ್ದಾದರೂ ಏನನ್ನು? ಈ ತಂತ್ರಾಂಶಗಳಿಗೆ ತರಬೇತಿ ಕೊಡಲು ಬಳಸುವುದು ಬೇಕೆಂದೇ ಭಾವ ತಂದುಕೊಂಡು ತೆಗೆಸಿದ ಫೋಟೊಗಳನ್ನು, ಇಲ್ಲವೇ ಅಂತರ್ಜಾಲದಿಂದ ಇಳಿಸಿಕೊಂಡ ಮುಖಗಳನ್ನು. ಎರಡನೆಯ ಬಗೆಯವಕ್ಕೆ ಕೋಪ, ದುಃಖ ಎಂದು ಚೀಟಿ ಹಚ್ಚುವವರು ಯಾರೋ ಕೂಲಿ ಪಡೆದು ಕೂತವರು. ಫೋಟೊದಲ್ಲಿದ್ದವರಿಗೆ ಆಗ ಏನನಿಸುತ್ತಿತ್ತೆಂದು ಅವರು ಕೇಳಿಲ್ಲ, ಕೇಳಲು ಸಾಧ್ಯವೂ ಇಲ್ಲ. ಹಾಗಾಗಿ ಯಂತ್ರ ಶೇ 90ರಷ್ಟು ಸರಿ ಎಂದು ಯಾವುದಾದರೂ ಕಂಪನಿ ಹೇಳಿದರೆ ಅದರ ಅರ್ಥ, ಚೀಟಿ ಹಚ್ಚಿದವರ ಊಹೆಯ ಜೊತೆ ಯಂತ್ರದ ಊಹೆ ಶೇ 90ರಷ್ಟು ಹೊಂದಿತು ಎಂದಷ್ಟೆ. ಮುಖದ ಒಡೆಯ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಅಹಲ್ಯಾ ಹೆಜ್ಮಾಡಿ, ರಿಚರ್ಡ್ ಡೇವಿಡ್‌ಸನ್, ಪಾಲ್ ರೋಜಿನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಟ್ಯಶಾಸ್ತ್ರದ ಪರಂಪರೆಯ ಹತ್ತು ಭಾವಗಳ ಅಭಿನಯವನ್ನು ವಿಡಿಯೊ ಮಾಡಿ ಭಾರತದ ಮತ್ತು ಅಮೆರಿಕದ ವಿದ್ಯಾರ್ಥಿಗಳಿಗೆ ತೋರಿಸಿದ್ದರು. ಭರತನ ಹೆಸರನ್ನೇ ಕೇಳದ ಅಮೆರಿಕನ್ನರೂ ಬರೀ ಊಹೆಯಿಂದ ಸಾಧ್ಯವಾಗದಷ್ಟು ಸರಿಯಾಗಿ ಅವನ್ನು ಗುರುತಿಸಿದರು. ಲಜ್ಜೆಯಂಥ, ಎಕ್ಮನ್‌ರ ಮೊದಲ ಪಟ್ಟಿಯಲ್ಲಿಲ್ಲದ ಭಾವವೂ ಅದರಲ್ಲಿತ್ತು. ಅಭಿವ್ಯಕ್ತಿಯಲ್ಲಿ ದೇಶ ದಾಟುವ ಅಂಶವೊಂದು ಇದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ, ನಾನು ಅದನ್ನು ಒಪ್ಪುತ್ತೇನೆ. ಆದರೆ ಅದು ಅಭಿನಯ. ನೋಡುವವರಿಗೆ ತಲುಪಲಿ ಎಂದೇ ನೂರಾರು ವರ್ಷ ಪಳಗಿಸಿಕೊಂಡು ಬಂದ ಭಾಷೆ ಅದು, ತಲುಪದಿದ್ದರೆ ಕಲೆ ಸೋತಂತೆ. ಇಂಟರ್‌ವ್ಯೂಗೆ ಕೂತವಳೋ ಚೆಕ್‌ಪೋಸ್ಟಿನಲ್ಲಿ ನಿಂತವನೋ ಯಾರಿಗೂ ಏನನ್ನೂ ಅಭಿನಯಿಸಿ ತೋರಿಸುತ್ತಿಲ್ಲ. ಹಲವು ಸಲ ಅವರ ಪ್ರಯತ್ನವೆಲ್ಲ ತೋರಗೊಡದೆ ಇರುವುದರಲ್ಲೇ ಇರುತ್ತದೆ. ತೋರಿಸಲೆಂದು ಮಾಡಿದ್ದನ್ನು ಜನ ಗುರುತಿಸುತ್ತಾರೆ ಎಂಬುದರಿಂದ, ತೋರಿಸದೆ ಇರುವುದನ್ನೂ ಯಂತ್ರ ಗುರುತಿಸುತ್ತದೆ ಎಂಬ ತೀರ್ಮಾನಕ್ಕೆ ಹಾರಲಾಗದು.

ಮನುಷ್ಯರೇನು ಸತ್ಯಹರಿಶ್ಚಂದ್ರರೇ, ಸಂದರ್ಶಕರ ಪಕ್ಷಪಾತಕ್ಕಿಂತ ಯಂತ್ರ ವಾಸಿ ಎನ್ನುವವರೂ ಇದ್ದಾರೆ. ಮನುಷ್ಯರ ವಿಚಾರದಲ್ಲಿ ಅವರ ಮಾತು ಸರಿ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಅಪಾಯದವರನ್ನು ಹಿಡಿಯಲು 2007ರಿಂದ ಸಿಬ್ಬಂದಿಗೆ ತರಬೇತಿ ಕೊಟ್ಟು ನಿಯೋಜಿಸಲಾಗಿತ್ತು; ಎಕ್ಮನ್ ಅದಕ್ಕೆ ಸಲಹೆಗಾರರಾಗಿದ್ದರು. ಸುಮಾರು 90 ಕೋಟಿ ಡಾಲರ್ ಖರ್ಚಾದ ಮೇಲೆ, 2013ರಲ್ಲಿ, ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಆ ಕಾರ್ಯಕ್ರಮಕ್ಕೆ ಹಣ ಕಡಿತ ಮಾಡಬೇಕೆಂದಿತು. ಹಾವಭಾವ ನೋಡಿ ವಂಚನೆ ಗುರುತಿಸುವ ಸಾಮರ್ಥ್ಯ ಬರೀ ಊಹೆಯಷ್ಟೇ, ಹೆಚ್ಚೆಂದರೆ ಅದಕ್ಕಿಂತ ಕೂದಲೆಳೆಯಷ್ಟು ಮೇಲು ಎಂಬುದು ಅದು ಪರಿಶೀಲಿಸಿದ ಅಧ್ಯಯನಗಳ ಸಾರ. ಯಂತ್ರ ಇದಕ್ಕಿಂತ ವಾಸಿಯೇ? 2018ರಲ್ಲಿ ಲಾರೆನ್ ರೂ ಎಂಬ ಸಂಶೋಧಕಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರ ಅಧಿಕೃತ ಫೋಟೊಗಳನ್ನು ಎರಡು ಪ್ರಸಿದ್ಧ ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಒಂದೇ ಮಟ್ಟದ ನಗುವಿದ್ದಾಗಲೂ ಕಪ್ಪು ಆಟಗಾರರಿಗೆ ಒಂದು ತಂತ್ರಾಂಶ ಹೆಚ್ಚು ಕೋಪವನ್ನು ಅಂಟಿಸಿತು; ಇನ್ನೊಂದು, ಮುಖಭಾವ ಅಸ್ಪಷ್ಟವಾಗಿದ್ದಾಗ, ಹೆಚ್ಚು ತಿರಸ್ಕಾರವನ್ನು ಅಂಟಿಸಿತು. ಚೀಟಿ ಹಚ್ಚಿದವರ ಪೂರ್ವಗ್ರಹ ಯಂತ್ರದೊಳಗೆ ಅಡಗಿ ಕೂತು, ಅಂಕಿಯ ವೇಷದಲ್ಲಿ ಹೊರಬಂತು. ಸಂದರ್ಶಕ ಮುಖ ನೋಡಿ ಮಣೆ ಹಾಕಿದರೆ ಇನ್ನೊಂದು ಕಡೆ ಅರ್ಜಿ ಹಾಕಬಹುದು. ಒಂದೇ ತಂತ್ರಾಂಶವನ್ನು ನೂರು ಕಂಪನಿಗಳು ಕೊಂಡಿದ್ದರೆ ಒಂದೇ ಮುಖಕ್ಕೆ ನೂರು ಬಾಗಿಲೂ ಒಟ್ಟಿಗೇ ಮುಚ್ಚುತ್ತವೆ. ವಿಡಿಯೊ ಸಂದರ್ಶನದ ದೊಡ್ಡ ಕಂಪನಿಯಾದ ಹೈರ್‌ವ್ಯೂ ದೂರುಗಳ ನಂತರ ಮುಖದ ವಿಶ್ಲೇಷಣೆಯನ್ನು ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲಿ ಹೇಳಿತು. ಲಖನೌದ ಘೋಷಣೆ ಬಂದದ್ದೂ ಅದೇ ತಿಂಗಳು.

ಲಖನೌ ಪರವಾಗಿ ಹೇಳಬಹುದಾದ ಮಾತೂ ಒಂದಿದೆ: ಎಲ್ಲ ಸಲ ಸರಿಯಾಗದಿದ್ದರೂ ಒಬ್ಬ ಹೆಣ್ಣುಮಗಳು ಉಳಿದರೆ ಸಾಲದೇ? ಇದು ಹೃದಯಕ್ಕೆ ನಾಟುವ ವಾದ, ಲೆಕ್ಕಕ್ಕೆ ಮಾತ್ರ ನಿಲ್ಲುವುದಿಲ್ಲ. ಜನನಿಬಿಡ ವೃತ್ತದಲ್ಲಿ ದಿನಕ್ಕೆ ಸಾವಿರಾರು ಮುಖ ಹಾದುಹೋಗುತ್ತವೆ. ಅವುಗಳಲ್ಲಿ ನಿಜವಾಗಿ ಅಪಾಯದಲ್ಲಿರುವವರು ಬೆರಳೆಣಿಕೆ. ಯಂತ್ರ ನೂರರಲ್ಲಿ ಒಂದು ಸಲ ತಪ್ಪಿದರೂ ಸುಳ್ಳು ಕರೆಗಳು ನಿಜವಾದವನ್ನು ಮುಳುಗಿಸುತ್ತವೆ, ನಾಲ್ಕು ದಿನದಲ್ಲಿ ಕಂಟ್ರೋಲ್ ರೂಮಿನವರು ಆ ಸದ್ದಿಗೆ ಕಿವುಡಾಗುತ್ತಾರೆ. ಅತ್ತ ಹೆದರಿಕೆಯನ್ನು ಹಲ್ಲುಕಚ್ಚಿ ಮುಚ್ಚಿಟ್ಟುಕೊಂಡವಳಿಗೆ ಯಾವ ಗಂಟೆಯೂ ಬಾರಿಸುವುದಿಲ್ಲ. ದೂರು ಕೊಡಲು ಬಂದವಳನ್ನು ಠಾಣೆಯಲ್ಲಿ ಕೂರಿಸಿ ಮಾತಾಡಿಸುವುದು, ಬೀದಿದೀಪ ಉರಿಯುವಂತೆ ನೋಡಿಕೊಳ್ಳುವುದು, ರಾತ್ರಿ ಪಾಳಿಯ ಬಸ್ಸು ಬಿಡುವುದು ಇವಕ್ಕೆ ಯಾವ ಹೊಸ ಸಿದ್ಧಾಂತವೂ ಬೇಕಾಗಿಲ್ಲ. ಹಾಗೆಂದು ಮುಖದ ಕಡೆ ತಿರುಗುವ ಎಲ್ಲ ಕ್ಯಾಮೆರಾಗಳೂ ಒಂದೇ ಅಲ್ಲ. ಲಾರಿ ಚಾಲಕನ ರೆಪ್ಪೆ ಎಷ್ಟು ಹೊತ್ತು ಮುಚ್ಚಿತ್ತು ಎಂದು ಅಳೆದು ಎಚ್ಚರಿಸುವ ಸಾಧನ ಅಳೆಯುವುದು ರೆಪ್ಪೆಯನ್ನು, ಅವನ ಮನಸ್ಸನ್ನಲ್ಲ. ಅದರ ಸರಿತಪ್ಪನ್ನು ರಸ್ತೆಯಲ್ಲೇ ಪರೀಕ್ಷಿಸಬಹುದು.

ಕಂಪನಿಗಳೂ ಕಾನೂನೂ ನಿಧಾನವಾಗಿಯಾದರೂ ಈ ವ್ಯತ್ಯಾಸವನ್ನು ಹಿಡಿಯತೊಡಗಿವೆ. ಭಾವನೆ ಎಂದರೇನು ಎಂಬುದರಲ್ಲೇ ವಿಜ್ಞಾನಿಗಳಿಗೆ ಒಮ್ಮತವಿಲ್ಲ ಎಂಬ ಕಾರಣವನ್ನೂ ಕೊಟ್ಟು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ತನ್ನ ಮುಖ ವಿಶ್ಲೇಷಣಾ ಸೇವೆಯಿಂದ ಭಾವನೆ ಊಹಿಸುವ ಭಾಗವನ್ನು ತೆಗೆಯುವುದಾಗಿ ಪ್ರಕಟಿಸಿತು. ಯುರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ 2025ರ ಫೆಬ್ರವರಿ 2ರಿಂದ ಕೆಲಸದ ಸ್ಥಳಗಳಲ್ಲಿ, ಶಿಕ್ಷಣ ಸಂಸ್ಥೆಗಳಲ್ಲಿ ಮುಖ, ದನಿಯಂಥ ದೈಹಿಕ ಚಿಹ್ನೆಗಳಿಂದ ಭಾವನೆ ಊಹಿಸುವ ವ್ಯವಸ್ಥೆಗಳನ್ನು ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ವಿನಾಯಿತಿಯಿದೆ. ಅಲ್ಲಿಯೂ ಗೆರೆ ಎಳೆದಿರುವ ರೀತಿ ವಿಚಿತ್ರ. ಯುರೋಪಿಯನ್ ಆಯೋಗದ ಮಾರ್ಗಸೂಚಿಯ ಪ್ರಕಾರ ಕಾಲ್ ಸೆಂಟರ್ ತನ್ನ ನೌಕರರ ದನಿಯಲ್ಲಿ ಸಿಟ್ಟು ಹುಡುಕುವಂತಿಲ್ಲ, ಕರೆ ಮಾಡಿದ ಗ್ರಾಹಕನ ದನಿಯಲ್ಲಿ ಹುಡುಕುವುದಕ್ಕೆ ಈ ನಿಷೇಧ ಅನ್ವಯಿಸುವುದಿಲ್ಲ. ಬಡಪಾಯಿ ಗ್ರಾಹಕನ ಸಿಟ್ಟು ಮಾತ್ರ ದನಿಯಲ್ಲಿ ನಿಖರವಾಗಿ ಸಿಗುತ್ತದೆಂದು ಅರ್ಥವೇ? ನಮ್ಮಲ್ಲಿ ಅಷ್ಟೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮುಖ, ದನಿಗಳ ಮಾಹಿತಿಗೆ ಪ್ರತ್ಯೇಕ ಸೂಕ್ಷ್ಮ ವರ್ಗವನ್ನು ಇಟ್ಟಿಲ್ಲ. ಉದ್ಯೋಗದ ಉದ್ದೇಶಗಳಿಗೆ ನೌಕರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆಯೂ ಬಳಸಲು ಅದರ ಏಳನೆಯ ಸೆಕ್ಷನ್ ಅವಕಾಶ ಕೊಟ್ಟಿದೆ. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿಗೆ ಕೂತವಳ ದನಿಗೆ ದಿನದ ಕೊನೆಯಲ್ಲಿ ಬೀಳುವ ‘ಉತ್ಸಾಹ’ದ ಅಂಕವೂ ಆ ಉದ್ದೇಶಗಳಲ್ಲಿ ಸೇರುತ್ತದೆಯೇ ಇಲ್ಲವೇ ಎಂಬುದನ್ನು ಕಾಯ್ದೆ ಎಲ್ಲೂ ಬಿಡಿಸಿ ಹೇಳುವುದಿಲ್ಲ.